ಅತ್ತೆಯ ಸೊಂಟ ಮತ್ತು ಆರು ಚೀಲ ಅಕ್ಕಿ

ಇವತ್ತು ಮಾಡಿದ ಕೆಲಸಗಳು ಇಷ್ಟು: ಅಂಗಳ ಗುಡಿಸಿದ್ದು, ಹಾಲು ಕಾಸಿದ್ದು, ಹನ್ನೆರಡು ರೊಟ್ಟಿ ಬಡಿದದ್ದು, ಅತ್ತೆಯ ಸೊಂಟಕ್ಕೆ ಎಣ್ಣೆ ಹಚ್ಚಿದ್ದು, ಅವರ ಸೀರೆಗೆ ಇಸ್ತ್ರಿ ಹಾಕಿದ್ದು, ಆಮೇಲೆ ನಮ್ಮ ಮನೆಯವರ ಜೊತೆ ಸೇರಿ ಆರು ಚೀಲ ಅಕ್ಕಿಯನ್ನು ಪಿಕಪ್ ಗಾಡಿಗೆ ಹೇರಿದ್ದು. ಈ ಕೊನೆಯದೂ ಅತ್ತೆಯ ಸೊಂಟಕ್ಕೇ ಸೇರಿದ ಕೆಲಸ. ಎಣ್ಣೆಗಿಂತ ಅಕ್ಕಿಯ ಮೇಲೆಯೇ ನನಗೆ ನಂಬಿಕೆ ಹೆಚ್ಚಿತ್ತು.

ಯಾವುದಾದರೂ ವಸ್ತು ಯಾಕೆ ಹೀಗೆ ಆಡುತ್ತದೆ ಅನ್ನುವುದು ಗೊತ್ತಾಗದಿದ್ದರೆ ನನಗೆ ಸಮಾಧಾನವಿಲ್ಲ. ಮಿಕ್ಸಿ ಕೆಟ್ಟರೆ ರಿಪೇರಿಯವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅವನ ಕೆಲಸ ಎರಡರಷ್ಟು ಹೊತ್ತು ಹಿಡಿಯುವಂತೆ ಮಾಡುತ್ತೇನೆ. ಹಾಗಿರುವಾಗ ನಮ್ಮ ಪಿಕಪ್ಪನ್ನು ಸುಮ್ಮನೆ ಬಿಡುವುದುಂಟೆ? ಶಿಕಾರಿಪುರದ ಮಾರ್ಕೆಟ್ ಯಾರ್ಡಿಗೆ ಮೆಕ್ಕೆಜೋಳ, ಶುಂಠಿ ಸಾಗಿಸಲು ಮನೆಯವರು ತಂದ ಗಾಡಿ ಅದು. ಚೀಲ ಹೇರಿದಾಗ ತುಂಬು ಬಸುರಿಯ ಹಾಗೆ ನಡೆಯುತ್ತದೆ. ಖಾಲಿಯಾಯಿತೋ, ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತದೆ. ಹೋದ ವರ್ಷ ಅತ್ತೆ ಅದರಲ್ಲಿ ಕುಪ್ಪಗಡ್ಡೆಯಲ್ಲಿರುವ ತಂಗಿಯ ಮನೆಗೆ ಹೋಗಿ ಬಂದು ನಾಲ್ಕು ದಿನ ಸೊಂಟ ಹಿಡಿದು ಮಲಗಿದ್ದರು. ಎದ್ದವರೇ, "ಇನ್ನು ಸತ್ರೂ ಆ ಗಾಡಿ ಹತ್ತಂಗಿಲ್ಲ" ಅಂದುಬಿಟ್ಟರು.

ಈಗ ಆ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ. ದಿನಾ ಸಂಜೆ ಫೋನು ಮಾಡಿ, "ಒಂದ್ಸಲ ಬಂದು ಮುಖ ತೋರ್ಸಿ ಹೋಗೇ ಅಕ್ಕ" ಅನ್ನುತ್ತಾರೆ. ಫೋನಿಟ್ಟ ಮೇಲೆ ಅತ್ತೆ ಗೋಡೆ ನೋಡುತ್ತಾ ಕೂರುತ್ತಾರೆ. ಬಸ್ಸಿನ ಮೆಟ್ಟಿಲಿಗೆ ಮಂಡಿ ಒಪ್ಪುವುದಿಲ್ಲ. ಬಾಡಿಗೆ ಕಾರು ಮಾಡೋಣವೆಂದರೆ, "ಮನೇಲಿ ಗಾಡಿ ಇಟ್ಕಂಡು ಬಾಡಿಗೆ ಗಾಡೀಲಿ ಇಳಿದ್ರೆ ನನ್ನ ಮಗನ ಮರ್ಯಾದೆ ಏನುಳೀತತಿ?" ಎನ್ನುತ್ತಾರೆ. ಆದ್ದರಿಂದ ಗಾಡಿಯನ್ನೇ ಮೆತ್ತಗೆ ಮಾಡಬೇಕಾಯಿತು.

ಮೆಕ್ಯಾನಿಕ್ ಚಂದ್ರಣ್ಣ ನನ್ನನ್ನು ಗಾಡಿಯ ಕೆಳಗೆ ಬಗ್ಗಿಸಿ ತೋರಿಸಿದ. "ನೋಡ್ರಿ ಅಕ್ಕಾರೆ, ಹಿಂದಿನ ಗಾಲಿ ಮ್ಯಾಲೆ ಉಕ್ಕಿನ ಸ್ಪ್ರಿಂಗ್ ಪಟ್ಟಿ ಒಂದ್ರ ಮ್ಯಾಲೊಂದು ಅದಾವಲ್ಲ, ಟನ್ನುಗಟ್ಲೆ ಹೊರಾಕೆ ಮಾಡಿದ್ದು. ನಿಮ್ಮತ್ತೆ ಕುಂತಿದ್ದು ಅದಕ್ಕೆ ಗೊತ್ತೂ ಆಗಲ್ಲ."

"ಹಂಗಾದ್ರೆ ಒಂದು ಪಟ್ಟಿ ತೆಗೆದ್ರೆ?"

"ತೆಗೀರಿ," ಅಂದರು ಮನೆಯವರು. "ಆಮ್ಯಾಲೆ ಮೆಕ್ಕೆಜೋಳ ಇವಳು ತಲೆ ಮ್ಯಾಲೆ ಹೊತ್ಕಂಡು ಬರ್ತಾಳೆ."

ಚಂದ್ರಣ್ಣ ನಕ್ಕು, ಲೋಡಿಗೆಂದು ಬಿಗಿಯಾಗಿ ತುಂಬಿದ್ದ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿಕೊಟ್ಟ. ಎಷ್ಟು ಸುಧಾರಿಸಿತು ಅಂತ ಅಳೆಯುವುದು ಹೇಗೆ? ಚೊಂಬಿನ ತುಂಬ ನೀರು ತುಂಬಿ ತೊಡೆಯ ಮೇಲಿಟ್ಟುಕೊಂಡು ಮನೆಯಿಂದ ಯಾರ್ಡಿಗೆ ಹೋಗಿ ಬಂದೆ. ಅರ್ಧ ನೀರು ಸೀರೆ ಕುಡಿಯಿತು. ಸೀಟಿನ ಮೇಲೆ ಕೌದಿ ಮಡಚಿ ಹಾಸಿಕೊಂಡು ಹೋದೆ. ನೀರು ಚೆಲ್ಲಿದ್ದು ಅಷ್ಟೇ, ತಲೆ ಮಾತ್ರ ಮೇಲಿನ ತಗಡಿಗೆ ಬಡಿಯತೊಡಗಿತು. ಎದುರು ಮನೆಯ ಗಿರಿಜಕ್ಕ ನನ್ನ ಸೀರೆ ನೋಡಿ, "ಏನ್ರೀ, ಗುಡವಿ ಕೆರೆಗಿಳಿದು ಹಕ್ಕಿ ಹಿಡಿಯಾಕೆ ಹೋಗಿದ್ರಾ?" ಎಂದರು. "ಇಲ್ರೀ, ಅತ್ತೆ ಸೊಂಟ ಅಳ್ಕಂಡು ಬಂದೆ" ಎಂದೆ.

ಒಂದು ದಿನ ಮೆಕ್ಕೆಜೋಳ ಹೇರಿದ ಗಾಡಿಯಲ್ಲೇ ಚೊಂಬು ಹಿಡಿದು ಕೂತೆ. ಮುಕ್ಕಾಲು ಚೊಂಬು ನೀರು ಉಳಿಯಿತು. ಗುಟ್ಟು ಸಿಕ್ಕಿತು: ಭಾರವಿದ್ದರೆ ಗಾಡಿ ಸುಮ್ಮನಿರುತ್ತದೆ. ಮರಳಿನ ಚೀಲ ಹಾಕೋಣ ಎಂದೆ. "ದಾರೀಲಿ ಹಿಡಿದು ಪರ್ಮಿಟ್ ಕೇಳಿದ್ರೆ ಅವ್ವನ್ನ ತೋರ್ಸಲೇನು?" ಅಂದರು ಮನೆಯವರು. ಆಗ ನನ್ನ ಕಣ್ಣು, ಮೊನ್ನೆ ತಾನೇ ಮಿಲ್ಲಿನಿಂದ ಬಂದು ನಡುಮನೆಯಲ್ಲಿ ಸಾಲಾಗಿ ಕೂತಿದ್ದ ವರ್ಷದ ಅಕ್ಕಿಯ ಮೇಲೆ ಬಿತ್ತು.

ಇವತ್ತು ಆ ಚೀಲ ಹೇರಿದ ಗಾಡಿ ಹೊರಟಾಗ ಅತ್ತೆ ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಶಿರಾಳಕೊಪ್ಪದ ಹೊತ್ತಿಗೆ ಒಂದು ಕೈ ಬಿಟ್ಟರು. ಅದರಾಚೆ ಎಲೆ ಅಡಿಕೆ ಹಾಕಿಕೊಂಡರು. ಸೊರಬ ಬಂದಾಗ ನನ್ನ ಹೆಗಲಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ನಾನು ಹೆಗಲು ಅಲುಗಿಸದೆ, ಇಂಜಿನಿಯರಿನ ಗತ್ತಿನಲ್ಲಿ ಕೂತಿದ್ದೆ.

ಕುಪ್ಪಗಡ್ಡೆಯಲ್ಲಿ ಅಕ್ಕ ತಂಗಿ ಮಂಚದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ನಾನು ಕಾಫಿ ಕುಡಿದು ಹೊರಗೆ ಬಂದು ನೋಡಿದರೆ ಗಾಡಿ ಖಾಲಿ. ಚಿಕ್ಕಮ್ಮನ ಮಗ ಲೋಕೇಶ ಕೊನೆಯ ಚೀಲವನ್ನು ಬೆನ್ನ ಮೇಲೆ ಹೊತ್ತು ಅಡುಗೆಮನೆ ಸೇರಿಸುತ್ತಿದ್ದ. ನೆಂಟರ ಮನೆ ಬಾಗಿಲಿಗೆ ಅಕ್ಕಿ ಬಂತೆಂದರೆ ಅದು ಆ ಮನೆಗೇ ಬಂದದ್ದು. ಇದು ಲೋಕಕ್ಕೆಲ್ಲ ಗೊತ್ತು. ನನಗೆ ಮಾತ್ರ ಸ್ಪ್ರಿಂಗಿನ ಧ್ಯಾನದಲ್ಲಿ ಮರೆತಿತ್ತು.

"ಇಷ್ಟೆಲ್ಲ ಎಂತಕ್ಕೆ ತಂದ್ಯೇ ಅಕ್ಕ? ನಾನೇನು ಉಪವಾಸ ಇದ್ನಾ?" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು.

ಅತ್ತೆ ನನ್ನನ್ನು ನೋಡಿದರು. ನಾನು ಮನೆಯವರನ್ನು ನೋಡಿದೆ. ಅವರು ಫ್ಯಾನು ನೋಡಿದರು. "ತಂಗಿ ಕಾಲು ಮುರ್ಕಂಡು ಮಲಗಿದ್ರೆ ಬರಿಗೈಲಿ ಬರಾಕಾಗ್ತತೇನೇ?" ಎಂದರು ಅತ್ತೆ. ಆಮೇಲೆ ಕಿಟಕಿಯಿಂದ ಖಾಲಿ ಗಾಡಿಯನ್ನು ಒಂದು ಸಲ ನೋಡಿ, "ನಾನು ಒಂದು ತಿಂಗ್ಳು ಇದ್ದು ಬರ್ತೀನಿ" ಎಂದರು. ಚಿಕ್ಕಮ್ಮನ ಮುಖ ಊರಗಲವಾಯಿತು.

ಹೊರಡುವಾಗ ಲೋಕೇಶ, "ನಿಲ್ಲಿ ಅತ್ತಿಗೆ, ಗಾಡಿ ಖಾಲಿ ಕಳ್ಸದು ಚೆಂದ ಅಲ್ಲ" ಎಂದ. ನನಗೆ ಜೀವ ಬಂದಂತಾಯಿತು. ಅವನು ಮನೆ ಪಕ್ಕದಲ್ಲೇ ಮಂಡಕ್ಕಿ ಭಟ್ಟಿ ಇಟ್ಟಿದ್ದಾನೆ. ಆರಕ್ಕೆ ಆರು ದೊಡ್ಡ ಚೀಲ ಮಂಡಕ್ಕಿ ತುಂಬಿಸಿ ಹಗ್ಗ ಬಿಗಿದ. ನೋಡಿದವರಿಗೆ ಗುಡ್ಡದಂಥ ಲೋಡು. ಆರೂ ಸೇರಿ ನಮ್ಮ ಒಂದು ಚೀಲ ಅಕ್ಕಿಯ ತೂಕವಿಲ್ಲ.

ದಾರಿಯುದ್ದಕ್ಕೂ ಪ್ರತಿ ಹಂಪೂ ನನ್ನ ಬೆನ್ನುಮೂಳೆಯ ಒಂದೊಂದು ಮಣಿಯನ್ನು ಎಣಿಸಿ ಬಿಟ್ಟಿತು. "ಹೆಂಗೈತಿ?" ಎಂದರು ಮನೆಯವರು. "ಪರವಾಗಿಲ್ಲ" ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಮನೆ ಸೇರುವಷ್ಟರಲ್ಲಿ ಅತ್ತೆಯ ಫೋನು.

"ಸೊಂಟ ಹೆಂಗೈತಿ?"

"ಅದನ್ನ ನಾನು ಕೇಳ್ಬೇಕು ಅತ್ತೆ."

"ನಂದು ಚೆನ್ನಾಗೈತಿ. ನಿಂದು ಕೇಳಿದ್ದು."

"ಏನಾಗಿಲ್ಲ ಬಿಡ್ರಿ."

"ಸುಳ್ಳು ಹೇಳ್ಬ್ಯಾಡ. ಇವತ್ತು ಬೋರಲು ಮಲ್ಕ. ಹೋದ ವರ್ಷ ನನಗೆ ಅದ್ರಿಂದಾನೇ ಕಮ್ಮಿಯಾಗಿದ್ದು."

ರಾತ್ರಿ ಊಟಕ್ಕೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮನೆಯವರು ಕೂತು ತಿಂದರು, ನಾನು ನಿಂತು ತಿಂದೆ. ಮೊದಲು ಮಲಗಿದವರು ಅವರೇ. ನಾನು ಇದನ್ನು ಬೋರಲು ಮಲಗಿಯೇ ಬರೆಯುತ್ತಿದ್ದೇನೆ.