ನಮ್ಮನೆಯವರ ಹೆಸರಿಗೊಂದು ಓಟು

ರಾಜಕೀಯಕ್ಕೆ ಬಿದ್ದ ಗಂಡನ್ನ ಕಟ್ಕೊಂಡೋಳ ಮನೇಲಿ ನಗು ಅನ್ನೋದು ಒಲೆ ಮೇಲಿಟ್ಟ ಹಾಲಿದ್ದಂಗೆ. ಅತ್ತ ತಿರುಗಿ ಇತ್ತ ನೋಡೋಷ್ಟರಲ್ಲಿ ಉಕ್ಕಿರ್ತದೆ. ನಮ್ಮನೆಯವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮೆಂಬರಾಗಿದ್ದ ಕಾಲದ ಮಾತಿದು. ಅವರ ಹೆಸರು ಮಾತ್ರ ನನ್ನ ಕೇಳಬ್ಯಾಡಿ. ಗಂಡನ ಹೆಸರು ಬಾಯಲ್ಲಿ ಬಂದ್ರೆ ಅವನ ಆಯಸ್ಸು ಕಮ್ಮಿಯಾಗ್ತದೆ ಅಂತ ನಮ್ಮವ್ವ ಹೇಳಿ ಕಳಿಸಿದ್ಲು. ಜೀವಮಾನದಲ್ಲಿ ಒಂದೇ ಸಲ ಹೇಳಿದ್ದೀನಿ. ಅದು ಆಮೇಲೆ.

೧. ಎತ್ತು

ಶಿವಪುರದಲ್ಲಿ ಸರ್ಕಾರದ ಮಾತು ಮೀರಿ ಕಾಂಗ್ರೆಸ್ ಬಾವುಟ ಏರಿಸಿದ ವರ್ಷ. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ಒಂದಿನ ಬೆಳಿಗ್ಗೆ ಇವರು ಎದ್ದು, ಮದ್ದೂರಲ್ಲಿ ಒಳ್ಳೆ ಎತ್ತೊಂದು ಮಾರಾಟಕ್ಕೈತಂತೆ, ನೋಡ್ಕೊಂಡು ಬತ್ತೀನಿ ಅಂತ ನಮ್ಮತ್ತೆಗೆ ಹೇಳಿ ಹೊರಟ್ರು. ಹೋದದ್ದು ಶಿವಪುರಕ್ಕೆ. ಬಾವುಟ ಹಿಡಿದು ಜೈ ಅಂದ್ರು, ಪೋಲೀಸರು ಹಿಡಿದು ಜೈಲಿಗೆ ಹಾಕಿದ್ರು. ಇತ್ತ ನಾನು ಅತ್ತೂ ಅತ್ತೂ ಕಣ್ಣು ಬಾವು ಬಂದಿತ್ತು. ನಮ್ಮತ್ತೆ ಮಾತ್ರ ಒಂದು ಹನಿ ಕಣ್ಣೀರು ಹಾಕ್ಲಿಲ್ಲ.

ಬಿಡುಗಡೆಯಾಗಿ ಬಂದಾಗ ಊರಿಗೆ ಊರೇ ತಮಟೆ ಬಡ್ಕೊಂಡು ಎದುರು ಹೋಯ್ತು. ತಲೆ ಮೇಲೆ ಖಾದಿ ಟೋಪಿ, ಕೊರಳು ಕಾಣದಷ್ಟು ಚೆಂಡುಹೂವಿನ ಹಾರ. ಆಹಾ, ಆ ಜೈಕಾರ ಕೇಳಿ ನನ್ನ ಮೈಯೆಲ್ಲ ಜುಮ್ ಅಂತು. ಬಾಗಿಲ ತಾವ ನಮ್ಮತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ರು. ಇವರನ್ನ ಹೆಸರು ಹಿಡಿದು ಕೂಗೋ ಹೆಂಗಸು ಅಂದ್ರೆ ಊರಿಗೇ ಅವರೊಬ್ಬರು. ಹೆಸರು ಹಿಡಿದು ಕೂಗಿ, ಮಗನ್ನ ಮೇಲಿಂದ ಕೆಳಗೆ ನೋಡಿ ಅಂದ್ರು:

"ಎಲ್ಲಾ ಸರಿ ಕಣ್ಲಾ. ಎತ್ತೆಲ್ಲಿ?"

ಇವರಿಗೆ ಹಾರ ಹಾಕಿದ್ದ ಪುಣ್ಯಾತ್ಮನೊಬ್ಬ ನಿಜವಾಗ್ಲೂ ಹಿಂದೆ ತಿರುಗಿ ಎತ್ತು ಹುಡುಕ್ದ.

೨. ಮುದ್ದೆ

ಜೈಲಿಗೆ ಹೋಗಿ ಬಂದವರನ್ನ ಜನ ಸುಮ್ಕೆ ಬಿಡ್ತಾರಾ? ಎಲೆಕ್ಷನ್ನಿಗೆ ನಿಲ್ಲಿಸಿದ್ರು. ಎದುರಿಗೆ ನಿಂತವರು ಮಳವಳ್ಳಿ ಕಡೆಯ ಸಾಹುಕಾರ್ರು. ಅವರು ಓಟು ಕೇಳೋಕೆ ಹೋದ ಕಡೆಗೆಲ್ಲ ಊಟದ ಕ್ಯಾರಿಯರ್ ಮನೆಯಿಂದಲೇ ಹೊತ್ತುಕೊಂಡು ಹೋಗೋರು. ನಮ್ಮ ಸೀಮೇಲಿ ಅದು ನಡೀತದಾ? ನಮ್ಮನೆ ಮುದ್ದೆ ಸೇರದವನಿಗೆ ನಮ್ಮ ಓಟು ಯಾಕೆ ಬೇಕು ಅನ್ನೋ ಜನ ನಮ್ಮೋರು.

ಇವರು ಹಲಗೂರು ಸುತ್ತ ಹೋದ ಮನೇಲೆಲ್ಲ ಉಂಡ್ರು. ಇಲ್ಲ ಅಂದ್ರೆ ಮುನಿಸು, ಹೂ ಅಂದ್ರೆ ಇನ್ನೊಂದು ಮುದ್ದೆ. ಸಾಯಂಕಾಲ ಭಾಷಣದ ಹೊತ್ತಿಗೆ ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯ್ತು. ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಲೆ ಮಾತಾಡೋಕೆ ತಯಾರಾಗಿದ್ದವರು, "ಅಣ್ಣಂದಿರಾ, ನಿಮ್ಮ ಋಣ ನನ್ನ ಹೊಟ್ಟೇಲೈತೆ" ಅಂದು ಕೂತ್ಬಿಟ್ರು. ಇಂಥಾ ಭಾಷಣ ಯಾರೂ ಮಾಡಿರಲಿಲ್ಲ ಅಂತ ಜನ ಕುಣಿದಾಡಿ ಓಟು ಹಾಕಿ ಗೆಲ್ಲಿಸಿದ್ರು.

ಮನೆಗೆ ಬಂದವರು ತಟ್ಟೆ ಕಂಡ್ರೆ ಮುಖ ತಿರುಗಿಸೋರು. ಜೈಲಲ್ಲೂ ಮುದ್ದೇನೇ ತಿಂದ್ರಲ್ಲ ಅಂದೆ. "ಅಲ್ಲಿ ಎರಡನೇದು ಬಡಿಸ್ತಿರಲಿಲ್ಲ ಕಣೆ" ಅಂದ್ರು.

೩. ರೊಟ್ಟಿ

ಇವರಿಗೆ ಇದ್ದದ್ದು ಒಂದೇ ಹಟ. ನಾಲೆ ನೀರು ನಮ್ಮೂರ ಮೇಲಿನ ಗದ್ದೆಗೆ ಬಂದಿತ್ತು, ಕೆಳಗಿನ ಬಯಲಿಗೆ ಬರಬೇಕಾದ್ರೆ ನಾಲೆಗೊಂದು ತೂಬು ಇಡಬೇಕಿತ್ತು. ಆ ತೂಬು ತರದೆ ನಾನು ಸಾಯೋದಿಲ್ಲ ಅಂತ ಊರ ಮುಂದೆ ಮಾತು ಕೊಟ್ಟಿದ್ರು.

ಸಭೆಗೆ ಹೊರಟಾಗ ಬಯಲಿನ ಒಣ ಮಣ್ಣಿನ ಹೆಂಟೆ ಒಂದನ್ನ ವಸ್ತ್ರದಲ್ಲಿ ಗಂಟು ಕಟ್ಕೊಂಡ್ರು, ದೊಡ್ಡೋರಿಗೆ ತೋರಿಸೋಕೆ. ನಾನು ಇನ್ನೊಂದು ವಸ್ತ್ರದಲ್ಲಿ ರಾಗಿ ರೊಟ್ಟಿ ಕಟ್ಟಿಕೊಟ್ಟೆ, ದಾರಿಗೆ. ಸಭೇಲಿ ಇವರ ಸರದಿ ಬಂತು. ಎದ್ದು ನಿಂತು, ಜೋರಾಗಿ ಮಾತಾಡಿ, ನಮ್ಮ ಭೂಮಿಯ ಸ್ಥಿತಿ ಕಣ್ಣಾರೆ ನೋಡಿ ಸ್ವಾಮಿ ಅಂತ ಮುಂದೆ ಹೋಗಿ ಗಂಟು ಬಿಚ್ಚಿದ್ರು. ಬಿಚ್ಚಿದ್ದು ರೊಟ್ಟಿ ಗಂಟು.

ಮೇಲಿನ ಕುರ್ಚಿಯ ಸಾಹೇಬರು ಒಂದು ಚೂರು ಕೈಗೆ ತಗೊಂಡು, ಮುರಿಯೋಕೆ ನೋಡಿ, ಆಗದೆ ಕೆಳಗಿಟ್ರಂತೆ. "ನಿಜ. ಈ ಭೂಮಿಗೆ ನೀರು ಬೇಕೇ ಬೇಕು" ಅಂದು ಇಂಜಿನಿಯರನ್ನ ಕಳಿಸೋಕೆ ಅಲ್ಲೇ ಹುಕುಂ ಮಾಡಿದ್ರಂತೆ. ಇದನ್ನ ಇವರು ಊರೆಲ್ಲ ನಕ್ಕೊಂಡು ಹೇಳ್ಕೊಂಡು ಬಂದ್ರು. ನಾನು ಒಂದು ವಾರ ರೊಟ್ಟಿ ತಟ್ಟಲಿಲ್ಲ, ಹೆಂಟೇನೇ ತಿನ್ನಿ ಅಂದೆ.

೪. ಹೆಸರು

ಇಂಜಿನಿಯರು ಬಂದು ಅಳತೆ ಮಾಡ್ಕೊಂಡು ಹೋದ್ರು. ಅಷ್ಟರಲ್ಲಿ ಮತ್ತೆ ಎಲೆಕ್ಷನ್ನು, ಮತ್ತೆ ಅದೇ ಸಾಹುಕಾರ್ರು. ನಮ್ಮ ಬಯಲಿಗೆ ತೂಬು ಬಿದ್ರೆ ಅವರ ಗದ್ದೆಗೆ ನೀರು ಕಮ್ಮಿ. ಗೆದ್ರೆ ತೂಬಿನ ಮಾತೇ ಇಲ್ಲ ಅಂತ ಬಾಯಿಬಿಟ್ಟೇ ಹೇಳಿದ್ರು. ಈ ಸಲ ಅವರೂ ಮನೆಮನೇಲಿ ಉಣ್ಣೋದು ಕಲಿತಿದ್ರು. ನಮ್ಮತ್ತೆ ಬೇರೆ ಆ ವರ್ಷವೇ ತೀರಿಕೊಂಡಿದ್ರು. ಇವರ ಮುಖದಲ್ಲಿ ಗೆಲುವೇ ಇರಲಿಲ್ಲ.

ಆಗ ಓಟು ಇದ್ದದ್ದು ಕಂದಾಯ ಕಟ್ಟೋರಿಗೆ. ನಾಲೆ ನೀರು ಬಂದ ಮೇಲೆ ಗದ್ದೆಯ ಕಂದಾಯ ಏರಿ, ತವರಿನ ಜಮೀನು ಹೆಸರಿಗಿದ್ದ ನಮ್ಮೂರ ಹೆಂಗಸರಿಗೂ ಓಟು ಬಂದಿತ್ತು. ನನಗೂ ಬಂದಿತ್ತು. ಓದು ಬರದವರು ಓಟು ಯಾರಿಗೋ ಅವರ ಹೆಸರನ್ನ ಅಧಿಕಾರಿಗೆ ಹೇಳಬೇಕು, ಅವರು ಗುರುತು ಹಾಕ್ತಾರೆ. ಅಲ್ಲೇ ಇದ್ದದ್ದು ಫಜೀತಿ. ನಮ್ಮೂರಲ್ಲಿ ಯಾರ ಮನೇಲೇ ಆಗ್ಲಿ, ಹಿರೀ ಮಗನಿಗೆ ಊರ ದೇವರ ಹೆಸರೇ ಇಡಬೇಕು. ನಮ್ಮನೆಯವರೂ ಹಿರೀ ಮಗ. ಓಟಿನ ದಿನ ಸರದೀಲಿ ನಿಂತಿದ್ದ ಹೆಂಗಸರ ಗಂಡಂದಿರೂ ಹೆಚ್ಚುಕಮ್ಮಿ ಹಿರೀ ಮಕ್ಕಳೇ. ಇವರ ಹೆಸರು ಹೇಳಿದ್ರೆ ಅವರವರ ಗಂಡನ ಹೆಸರು ಹೇಳ್ದಂಗೇ.

ಒಬ್ಬಳು ಹೋಗಿ ತೂಬಿನೋರಿಗೆ ಅಂದ್ಲು. ಇನ್ನೊಬ್ಬಳು ಎತ್ತು ತರದೆ ಬಂದೋರಿಗೆ ಅಂದ್ಲು. ಸಾಹುಕಾರ್ರ ಏಜೆಂಟು, ಹೆಸರು ಹೇಳದೆ ಗುರುತು ಹಾಕಕೂಡದು ಅಂತ ಪಟ್ಟು ಹಿಡಿದ. ಅಧಿಕಾರಿ ಕಾನೂನಿಗೆ ಕಟ್ಟುಬಿದ್ದವರು. ಹೆಂಗಸರೆಲ್ಲ ಓಟು ಹಾಕದೆ ಗೋಡೆ ಪಕ್ಕ ಸಾಲಾಗಿ ನಿಂತ್ರು. ನನ್ನ ಸರದಿ ಬಂತು. ಏಜೆಂಟು ಹಲ್ಲು ಕಿರಿದು ಅಂದ:

"ಸಾಹುಕಾರ್ರ ಹೆಸರು ಹೇಳೋಕೆ ಯಾವ ದೋಷಾನೂ ಇಲ್ಲವಲ್ಲ ತಾಯಿ."

ನನಗೆ ಉರಿದುಹೋಯ್ತು. ಇತ್ತ ಆಯಸ್ಸು, ಅತ್ತ ತೂಬು. ಜೈಲು ಜೀರ್ಣಿಸಿಕೊಂಡವರು, ಹಲಗೂರಿನ ಮುದ್ದೆ ಜೀರ್ಣಿಸಿಕೊಂಡವರು, ನನ್ನ ರೊಟ್ಟೀನೂ ಜೀರ್ಣಿಸಿಕೊಂಡವರು, ಒಂದು ಹೆಸರಿಗೆ ಏನಾದಾರು ಅನ್ಕೊಂಡೆ. ದೇವರಿಗೆ ಕೈಮುಗಿದು ಬಾಯಿಬಿಟ್ಟೆ. ಮೆಲ್ಲಗೆ ಹೇಳೋಣ ಅಂತಿದ್ದೆ. ಅಷ್ಟು ವರ್ಷ ಹೊಟ್ಟೇಲಿ ಇದ್ದದ್ದಲ್ವಾ, ಹೊಲದಾಚೆಗೂ ಕೇಳೋ ಹಂಗೆ ಕೂಗಾಗಿ ಬಂತು.

ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದ ನಮ್ಮನೆಯವರಿಗೆ ಆ ಹೆಸರು ಹೆಣ್ಣು ದನೀಲಿ ಕೇಳಿದ್ದು ಅವರವ್ವನ ಬಾಯಲ್ಲಿ ಮಾತ್ರ. "ಬಂದೆ ಕಣವ್ವಾ" ಅಂತ ಎದ್ದುಬಿದ್ದು ಒಳಕ್ಕೆ ಓಡಿ ಬಂದ್ರು. ಅವರ ಹಿಂದೆ ಊರಿನ ಹಿರೀ ಮಕ್ಕಳೆಲ್ಲ "ಓ" ಅಂದ್ಕೊಂಡು ಬಾಗಿಲಲ್ಲಿ ತುಂಬಿಕೊಂಡ್ರು.

ನಿಂತಿರೋ ಅಭ್ಯರ್ಥಿ ಒಳಗೆ ಬಂದವ್ರೆ, ಎಲೆಕ್ಷನ್ನೇ ರದ್ದಾಗಬೇಕು ಅಂತ ಏಜೆಂಟು ಎಗರಾಡಿದ. ಅಧಿಕಾರಿ ಕನ್ನಡಕ ತೆಗೆದು ಒರೆಸ್ಕೊಂಡು, "ಹೆಂಡತಿ ಕೂಗಿದರೆ ಗಂಡ ಓಡಿ ಬರೋದು ಯಾವ ಕಾನೂನಲ್ಲೂ ತಪ್ಪಲ್ಲ ಕೂತ್ಕೊಳ್ಳಿ" ಅಂದ್ರು. ಇವರು ನನ್ನ ನೋಡಿದ್ರು. ಆಗ್ಲೇ ಗೊತ್ತಾದದ್ದು ಕೂಗಿದ್ದು ಯಾರು ಅಂತ. ಕಣ್ಣಲ್ಲಿ ನೀರು ತುಂಬ್ಕೊಂಡು ಹೊರಗೆ ಹೋದ್ರು.

ನಾನು ಬಾಯಿಬಿಟ್ಟ ಮೇಲೆ ಗೋಡೆ ಪಕ್ಕದೋರಿಗೂ ಧೈರ್ಯ ಬಂತು. ಒಬ್ಬೊಬ್ಬಳೂ ಮುಂದೆ ಬಂದು ಹೆಸರು ಕೂಗೋಳು, ಹೊರಗಿನಿಂದ ಗಂಡಸರೆಲ್ಲ ಒಟ್ಟಿಗೆ ಓ ಅನ್ನೋರು. ಕೊನೆಗೆ ಅಧಿಕಾರಿ ಆ ಹೆಸರಿನೋರನ್ನೆಲ್ಲ ಕೆರೆ ಏರಿ ಆಚೆಗೆ ಅಟ್ಟಿಸಿದ್ರು.

ಗೆದ್ರು ಕಣ್ರವ್ವ, ಗೆದ್ರು. ತೂಬೂ ಬಂತು, ಬಯಲಿಗೆ ನೀರೂ ಬಂತು. ಗೆದ್ದ ದಿನ ಹಾರಗೀರ ಎಲ್ಲ ಮೂಲೆಗೆ ಹಾಕಿ ಇವರು ಒಲೆ ತಾವ ಬಂದು ಕುಕ್ಕರಗಾಲಲ್ಲಿ ಕೂತ್ರು.

"ಇನ್ನೊಂದ್ಸಲ ಕೂಗೆ" ಅಂದ್ರು.

"ಮುಂದಿನ ಎಲೆಕ್ಷನ್ ಬರ್ಲಿ ಬುಡಿ" ಅಂದೆ.