ಚಿಕ್ಕಮ್ಮ ಕೂತ ಜಾಗ

...ಅಥವಾ ಅದು ಜಗಳೂರಿನ ಬಸ್ಸಲ್ಲ, ನ್ಯಾಮತಿಯದೇ ಇರಬೇಕು. ಕಂಡಕ್ಟರನ ಮುಖ ನೆನಪಿದೆ, ಊರು ನೆನಪಿಲ್ಲ. ಆ ಮುಖ ಕೂಡ ಬೇರೆ ಯಾವುದೋ ಬಸ್ಸಿನಿಂದ ಇಳಿದು ಬಂದು ಈ ಬಸ್ಸು ಹತ್ತಿದ್ದರೆ ಆಶ್ಚರ್ಯವಿಲ್ಲ. ನನ್ನ ನೆನಪುಗಳೇ ಹಾಗೆ, ಟಿಕೆಟ್ಟಿಲ್ಲದೆ ಓಡಾಡುತ್ತವೆ. ಆದರೆ ಒಂದು ಮಾತನ್ನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ: ನಮ್ಮ ಚಿಕ್ಕಮ್ಮ ಒಂದೇ ಜಾಗದಲ್ಲಿ ಎರಡು ಸಲ ಕೂತಿದ್ದನ್ನು ನಾನು ಕಂಡಿಲ್ಲ!

ಆ ಬಸ್ಸಿನಲ್ಲೂ ಅಷ್ಟೆ. ಪ್ರತಿ ಸ್ಟಾಪಿಗೂ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಒಮ್ಮೆ ಕುರಿ ಕಾಯುವ ಅಜ್ಜನ ಪಕ್ಕ, ಒಮ್ಮೆ ಬುರ್ಖಾ ಹಾಕಿದ ಕಾಲೇಜು ಹುಡುಗಿಯ ಪಕ್ಕ, ಒಮ್ಮೆ ಮೆಕ್ಕೆಜೋಳದ ಮೂಟೆಯ ಪಕ್ಕ. ಕಂಡಕ್ಟರನಿಗೆ ತಲೆ ಕೆಟ್ಟಿತು.

"ಮೇಡಮ್ಮೋರೆ, ಒಂದು ಕಡೆ ಕುಂದರ್ರಿ. ಟಿಕೆಟ್ ತಗಂಡೋರು ಯಾರು, ತಗಳದೇ ಇರೋರು ಯಾರು ಒಂದೂ ತಿಳೀತಿಲ್ಲ."

"ಒಂದು ಸಲಕ್ಕೆ ಒಂದೇ ಸೀಟ್ನಾಗೆ ಕೂತೀನಲ್ಲಪ್ಪ," ಅಂದಳು ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ. ಸರ್ಕಾರಿ ಶಾಲೆಯ ಮೇಡಂ, ಬರುವ ವರ್ಷ ನಿವೃತ್ತಿ. ಮೇಷ್ಟ್ರುಗಳಿಗೇ ಪಾಠ ಹೇಳುವ ಮೇಡಂ ಕೂಡ. ಬೇರೆ ಬೇರೆ ಧರ್ಮದ, ಜಾತಿಯ ಮಕ್ಕಳನ್ನು ತರಗತಿಯಲ್ಲಿ ಭೇದವಿಲ್ಲದೆ ನೋಡಿಕೊಳ್ಳುವುದು ಹೇಗೆ ಅಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಿಕ್ಷಕರಿಗೆ ತರಬೇತಿ ಕೊಡುತ್ತಾಳೆ. ಇದನ್ನು ಕಲಿಸಲು ಬೇರೆಯವರಿಗೆ ಮಹಾತ್ಮರ ಮಾತುಗಳು ಬೇಕು, ಪ್ರೊಜೆಕ್ಟರ್ ಬೇಕು. ಚಿಕ್ಕಮ್ಮನಿಗೆ ಬೆಂಚು ಸಾಕು. ಅವಳ ಸಿದ್ಧಾಂತದ ಪ್ರಕಾರ ಭೇದ ಇರುವುದು ತಲೆಯಲ್ಲಲ್ಲ, ನಾವು ಬೆಂಚಿಗೆ ಊರುವ ಭಾಗದಲ್ಲಿ. (ಅವಳು ಆ ಭಾಗದ ಹೆಸರನ್ನೇ ಹೇಳುತ್ತಾಳೆ. ನಾನು ಬರೆಯಲಾರೆ.)

ಅವಳ ಚಾರ್ಟುಗಳ ಸುರುಳಿ ಹೊರುವವನು ನಾನು. ಚನ್ನಗಿರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಕರೆಂಟಿಲ್ಲದ ದಿನ ನಾನು ಪೂರ್ತಿ ಅವಳ ಆಸ್ತಿ.

ನಮ್ಮ ಮನೆಗೆ ಬಂದರೂ ಅವಳದು ಇದೇ ಕಥೆ. ಅಪ್ಪ ವರ್ಷಗಟ್ಟಲೆ ಕೂತು ಸವೆಸಿದ ಒಂದು ಮರದ ಕುರ್ಚಿಯಿದೆ. ಚಿಕ್ಕಮ್ಮ ಬಂದವಳೇ ಅದನ್ನು ಹಿಡಿಯುತ್ತಾಳೆ. (ಹೌದು, ಎರಡು ಸಲ ಕೂರುವುದಿಲ್ಲ ಅಂತ ಮೇಲೆ ದೇವರ ಆಣೆ ಮಾಡಿದ್ದೆ. ಈ ಕುರ್ಚಿಯನ್ನು ಬಿಟ್ಟು ಅಂತ ಓದಿಕೊಳ್ಳಿ.) ಅಪ್ಪ ತನ್ನದೇ ಮನೆಯಲ್ಲಿ ಟಿವಿ ಪಕ್ಕ ನಿಂತು, "ಏನವ್ವಾ, ಇಲ್ಲೂ ತರಬೇತೀನಾ?" ಅನ್ನುತ್ತಾರೆ.

"ಹೂಂ ಭಾವ. ಇದು ನಿಮ್ಮೊಬ್ಬರಿಗೇ."

ನಾನು ನಗುತ್ತಿದ್ದೆ. ಇಷ್ಟು ಕುರ್ಚಿಗಳಿರುವ ಮನೆಯಲ್ಲಿ ಅದೊಂದೇ ಯಾಕೆ ಅಂತ ಕೇಳಿಕೊಳ್ಳಲಿಲ್ಲ.

ಜಗಳೂರಿನ ತರಬೇತಿಯನ್ನು ಹೇಳಬೇಕು. ಬೆಳಿಗ್ಗೆ ಶಿಕ್ಷಕರೆಲ್ಲ ಬಂದು ತಮಗೆ ಬೇಕಾದ ಕಡೆ ಕೂತರು. ಚಿಕ್ಕಮ್ಮ ಸ್ವಾಗತ ಹೇಳಲಿಲ್ಲ, ದೀಪ ಹಚ್ಚಲಿಲ್ಲ. ಬೋರ್ಡಿನ ಮೇಲೆ ಚೌಕಗಳನ್ನು ಎಳೆದು ಯಾರು ಎಲ್ಲಿ ಕೂತಿದ್ದಾರೆ ಅಂತ ಒಬ್ಬೊಬ್ಬರ ಹೆಸರು ಬರೆದಳು. ಬರೆದು ಮುಗಿಯುವ ಹೊತ್ತಿಗೆ ಎಲ್ಲರಿಗೂ ಕಂಡಿತು. ಒಂದು ಜಾತಿಯವರು ಮುಂದೆ, ಇನ್ನೊಂದು ಜಾತಿಯವರು ಹಿಂದೆ, ಉರ್ದು ಶಾಲೆಯ ಮೂವರು ಬಾಗಿಲ ಹತ್ತಿರ.

"ನಾನು ಯಾರನ್ನೂ ಕೂರಿಸಿಲ್ಲ. ನೀವಾಗೇ ಕೂತಿದ್ದು," ಅಂದಳು.

ಉರ್ದು ಶಾಲೆಯ ಹಿರಿಯ ಮೇಷ್ಟ್ರು ಎದ್ದರು. "ಮೇಡಂ, ನಮ್ದೂ ಒಂದು ಮಾತು ಬರ್ಕಳ್ರಿ. ನಾವು ಇಲ್ಲಿ ಕೂತಿದ್ದು ತಿರುಗೋ ಫ್ಯಾನ್ ಇದೊಂದೇ ಐತೆ ಅಂತ."

ಹಾಲ್ ಬಿದ್ದು ಬಿದ್ದು ನಕ್ಕಿತು. ಚಿಕ್ಕಮ್ಮನೂ ನಕ್ಕು ಆ ಚೌಕದಲ್ಲಿ "ಫ್ಯಾನ್" ಅಂತ ಬರೆದಳು. ಮುಂದಿನ ಸಾಲಿನ ಗಣಿತದ ಮೇಷ್ಟ್ರು ಮಾತ್ರ ನಗಲಿಲ್ಲ.

"ನಮ್ಮ ಸ್ಕೂಲ್ನಾಗೆ ಈ ಭೇದಗೀದ ಏನೂ ಇಲ್ಲ ಮೇಡಂ. ಎಲ್ಲಾ ಮಕ್ಳೂ ನಮಗೆ ಒಂದೇ."

"ಭಾಳ ಸಂತೋಷ ಸರ್. ಹಂಗಾರೆ ನಿಮ್ಮ ಕ್ಲಾಸಿನ ನಕ್ಷೆ ಬರೀರಿ. ಯಾವ ಮಗು ಎಲ್ಲಿ ಕೂರತೈತೆ, ಹೆಸರು ಸಮೇತ."

ಮುಂದಿನ ಎರಡು ಸಾಲು ಸರಾಗವಾಗಿ ಬಂತು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅಲ್ಲಿ ನಾಲ್ಕು ಮಕ್ಕಳಿದ್ದಾರೆ ಅಂತ ಅವರಿಗೆ ಗೊತ್ತು. ಹೆಸರು ಬರುತ್ತಿಲ್ಲ.

ಆಗ ಚಿಕ್ಕಮ್ಮ ನನಗೆ ಕಣ್ಣು ಮಾಡಿದಳು. ನಾನು ಸುರುಳಿ ಬಿಚ್ಚಿ ಎಲ್ಲರಿಗೂ ಒಂದೊಂದು ಝೆರಾಕ್ಸ್ ಹಂಚಿದೆ. ಅದು ಅವಳೇ ನೆನಪಿನಿಂದ ಬರೆದ ಅವಳದೇ ನಕ್ಷೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಮೂರನೇ ಕ್ಲಾಸು. ಎಲ್ಲಾ ಚೌಕಗಳಲ್ಲೂ ಹೆಸರಿತ್ತು. ಕಿಟಕಿಯ ಹತ್ತಿರ ಒಂಟಿಯಾಗಿದ್ದ ಒಂದು ಚೌಕ ಮಾತ್ರ ಖಾಲಿ.

"ಇದು ಯಾರದು ಮೇಡಂ?" ಅಂದರು ಗಣಿತದ ಮೇಷ್ಟ್ರು.

"ಒಬ್ಬ ಮುಸಲ್ಮಾನರ ಹುಡುಗಿ. ಒಬ್ಬರ ಮಾತು ಕೇಳಿ ನಾನೇ ಎಬ್ಬಿಸಿ ಅಲ್ಲಿ ಒಬ್ಬಳನ್ನೇ ಕೂರಿಸ್ದೆ. ಸ್ವಲ್ಪ ದಿನಕ್ಕೆ ಬರೋದು ಬಿಟ್ಲು. ಯಾಕೆ ಅಂತ ಕೇಳಾಕೆ ನಾನು ಹೋಗಲಿಲ್ಲ."

"ಹೆಸರು?"

"ನನಗೂ ಬರಂಗಿಲ್ಲ ಸರ್. ಅದಕ್ಕೇ ತೋರಿಸಿದ್ದು."

ಅವತ್ತು ಗಣಿತದ ಮೇಷ್ಟ್ರು ಊಟಕ್ಕೆ ಬಾಗಿಲ ಹತ್ತಿರ ಹೋಗಿ ಕೂತರು. ಫ್ಯಾನಿಗೋಸ್ಕರ ಅಂತಲೇ ಹೇಳಿಕೊಂಡರು.

ಈಗ ನನ್ನ ವಿಷಯ. ಆ ಮೂರನೇ ಕ್ಲಾಸಿನಲ್ಲಿ ನಾನೂ ಇದ್ದೆ. ನಕ್ಷೆಯಲ್ಲಿ ಎರಡನೇ ಬೆಂಚಿನ ತುದಿಯಲ್ಲಿ ನನ್ನ ಹೆಸರಿದೆ. ಎಬ್ಬಿಸುವ ಮೊದಲು ಆ ಹುಡುಗಿ ಕೂತಿದ್ದುದು ನನ್ನ ಪಕ್ಕ. ಎಬ್ಬಿಸಿ ಅಂತ ಹೇಳಿದವರು ನಮ್ಮಪ್ಪ. ಇದು ಚಿಕ್ಕಮ್ಮ ಹೇಳುವ ಕಥೆ. ಅಮ್ಮನನ್ನು ಕೇಳಿದರೆ, "ನಿಮ್ಮಪ್ಪ ಏನೂ ಅಂದಿಲ್ಲ ಬಿಡು, ನೀನೇ ಅವಳ ಪಕ್ಕ ಕೂರಲ್ಲ ಅಂತ ರಂಪ ಮಾಡಿದ್ದು," ಅನ್ನುತ್ತಾಳೆ. ಅಪ್ಪನನ್ನು ಕೇಳಿದರೆ ಟಿವಿಯ ವಾಲ್ಯೂಮ್ ಜಾಸ್ತಿ ಮಾಡುತ್ತಾರೆ. ನನ್ನನ್ನೇ ಕೇಳಿಕೊಂಡರೆ ಏನೂ ಇಲ್ಲ. ಒಂದು ಬೆಂಚು, ಅದರ ಮೇಲೆ ಯಾರೋ ಕೊರೆದ ಹೂವು, ಅಷ್ಟೆ. ಹಳೆಯ ಹಾಜರಿ ಪುಸ್ತಕ ಹುಡುಕಿಕೊಂಡು ಚಿಕ್ಕಮ್ಮ ಆ ಶಾಲೆಗೂ ಹೋಗಿದ್ದಳು. ಆ ವರ್ಷದ್ದನ್ನು ಗೆದ್ದಲು ತಿಂದಿತ್ತು.

"ನಿನ್ನ ಪಕ್ಕಾನೇ ಕೂತಿದ್ಲಲ್ಲೋ. ಹೆಸರು ನೆನಪಿಲ್ವೇನೋ?" ನಕ್ಷೆಯ ಪ್ರತಿ ತೆಗೆಸಲು ಅಂಗಡಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. ಒಂದು ದಿನ ಅಂಗಡಿ ತುಂಬ ಜನ. ಕೈಯಲ್ಲಿ ಕೆಲಸ, ಬಾಗಿಲಲ್ಲಿ ಗಿರಾಕಿಗಳ ಜಗಳ. ಅವಳು ಮತ್ತೆ ಕೇಳಿದಳು.

"ನಸೀಮಾ ಇರಬೇಕು ಚಿಕ್ಕಮ್ಮ," ಅಂದೆ.

ಅವಳು ನಿಂತಲ್ಲೇ ಹಸಿರು ಪೆನ್ನು ತೆಗೆದು ಖಾಲಿ ಚೌಕದಲ್ಲಿ ಬರೆದಳು. ನಾನು ಆಗಲೇ ಗಿರಾಕಿಗಳ ಕಡೆ ತಿರುಗಿದ್ದೆ.

ಅಲ್ಲಿಂದ ಮುಂದೆ ಪ್ರತಿ ತರಬೇತಿಯಲ್ಲೂ ಮೊದಲ ಕೆಲಸ, ಹಾಜರಿ ಪಟ್ಟಿಯಲ್ಲಿ ನಸೀಮಾ ಹುಡುಕುವುದು. ಹೊನ್ನಾಳಿಯಲ್ಲಿ ಒಬ್ಬ ನಸೀಮಾ ಸಿಕ್ಕರು. ಸುಮಾರು ನನ್ನದೇ ವಯಸ್ಸಿನ ಶಿಕ್ಷಕಿ. ಚಿಕ್ಕಮ್ಮ ಹೋಗಿ ಅವರ ಪಕ್ಕ ಕೂತಳು.

"ಮೂರನೇ ಕ್ಲಾಸು ಎಲ್ಲಿ ಓದಿದ್ದು ನೀವು?"

"ಹರಿಹರದಾಗೆ ಮೇಡಂ."

ಅಂದರೆ ಇವರು ಅವಳಲ್ಲ. ಆದರೂ ಚಿಕ್ಕಮ್ಮ ನಕ್ಷೆ ಬಿಚ್ಚಿ ಎಲ್ಲ ಹೇಳಿದಳು. ಆ ಶಿಕ್ಷಕಿ ಹಸಿರು ಹೆಸರಿನ ಮೇಲೆ ಬೆರಳಿಟ್ಟು, "ಅವಳು ಸಿಕ್ಕರೆ ಏನು ಹೇಳ್ತೀರಿ?" ಅಂದರು.

ಕಂಡಕ್ಟರನಿಗೂ ನಮ್ಮಪ್ಪನಿಗೂ ನಿಂತಲ್ಲೇ ಉತ್ತರ ಕೊಡುವ ಹೆಂಗಸು ಅಂದಿದ್ದು ಇಷ್ಟೆ: "ಗೊತ್ತಿಲ್ಲಮ್ಮ."

"ಏನೂ ಹೇಳಾಕೆ ಹೋಗಬ್ಯಾಡ್ರಿ. ಹಿಂಗೆ ಬಂದು ಪಕ್ಕದಾಗೆ ಕುಂದರ್ರಿ. ಎದ್ದು ಹೋಗಬ್ಯಾಡ್ರಿ."

ಆ ದಿನದ ತರಬೇತಿ ಪೂರ್ತಿ ಅದೇ ಬೆಂಚಿನಿಂದ ನಡೆಯಿತು. ಬೋರ್ಡಿನ ಮೇಲೆ ನಾನೇ ಬರೆದೆ, ಅಕ್ಷರ ಸೊಟ್ಟಗೆ. ಊಟವಾದ ಮೇಲೂ ಚಿಕ್ಕಮ್ಮ ಅಲ್ಲಿಗೇ ಬಂದು ಕೂತಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಇದ್ದಳು. ಸ್ಟಾಪ್ ಬಂದರೂ ಏಳಲಿಲ್ಲ.

"ನಸೀಮಾ ಅನ್ನೋದು ಖಾತ್ರೀನೇನೋ?"

"ಹೂಂ," ಅಂದೆ.

ನಾನು ಆ ಹೆಸರು ಹೇಳಿದ ದಿನ ಝೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಯಾರದೋ ಆಧಾರ್ ಕಾರ್ಡಿತ್ತು. ನಸೀಮಾ ಅನ್ನುವುದು ಅದರಿಂದಲೇ ನನ್ನ ಬಾಯಿಗೆ ಬಂತೋ ಏನೋ, ನನಗೆ ಗೊತ್ತಿಲ್ಲ. ನನ್ನ ಪಕ್ಕ ಕೂತಿದ್ದವಳ ಹೆಸರೂ ಗೊತ್ತಿಲ್ಲ.