ದೊಡ್ಡಮ್ಮನ ತಪ್ಪಿನ ಸ್ಲೇಟು

ನನ್ನ ದೊಡ್ಡಮ್ಮನಷ್ಟು ತಪ್ಪು ಮಾಡಿದವರು ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದು ನಾನು ಹೇಳುವುದಲ್ಲ, ಅವರೇ ಬರೆದಿಟ್ಟದ್ದು!

ದೊಡ್ಡಮ್ಮ ಒಂದು ಸರಕಾರಿ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಬೇರೆ ಕಡೆ ಮೇಲಿನವರು ಬೆಳಿಗ್ಗೆ ಬಂದು ಕೆಳಗಿನವರ ತಪ್ಪು ಹುಡುಕುತ್ತಾರೆ, ಅಲ್ಲವೇ? ಇವರು ಡ್ಯೂಟಿ ಬದಲಾಗುವ ಹೊತ್ತಿಗೆ ಮೊದಲು ತಮ್ಮ ತಪ್ಪನ್ನೇ ಸ್ಲೇಟಿನಲ್ಲಿ ಬರೆದು ಮೇಜಿನ ಮೇಲೆ ನಿಲ್ಲಿಸುತ್ತಾರೆ. ‘ನಿನ್ನೆ ನಾಲ್ಕನೇ ಬೆಡ್‌ನವರಿಗೆ ಸುಮ್ಮನೆ ಜೋರು ಮಾಡಿದೆ. ಇನ್ನು ಹೀಗೆ ಮಾಡುವುದಿಲ್ಲ.’ ಅದನ್ನು ನೋಡಿ ಉಳಿದ ಸಿಸ್ಟರ್‌ಗಳಿಗೂ ಧೈರ್ಯ ಬಂತು. ಹೊಸದಾಗಿ ಬಂದ ಡಾಕ್ಟರರು ತಿಂಗಳಿಡೀ ನಕ್ಕು, ಕೊನೆಗೆ ತಾವೂ ಒಂದು ಸಾಲು ಬರೆದರು. ಅದನ್ನು ಓದಲು ಯಾರಿಂದಲೂ ಆಗಲಿಲ್ಲ. ‘ಡಾಕ್ಟ್ರೇ, ಇದೇ ನಿಮ್ಮ ದೊಡ್ಡ ತಪ್ಪು’ ಎಂದರಂತೆ ದೊಡ್ಡಮ್ಮ.

ನಾನೂ ಇರುವ ಅವರ ಮನೆಯಲ್ಲಿ ಅಡುಗೆಕೋಣೆಯ ಬಾಗಿಲ ಪಕ್ಕ ಇನ್ನೊಂದು ಸ್ಲೇಟು ಉಂಟು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರಿಂದ ಹಿಡಿದು ಎಲ್ಲವೂ ಅದರಲ್ಲಿ ಬಂದಿದೆ, ಡ್ಯೂಟಿಗೆ ತಡವಾದದ್ದೊಂದನ್ನು ಬಿಟ್ಟು. ಅದು ಮೂವತ್ತು ವರ್ಷದಲ್ಲಿ ಆದದ್ದೇ ಇಲ್ಲ. ಗಲ್ಫಿನಿಂದ ಮರಳಿದ ದೊಡ್ಡಪ್ಪ ಮೂರು ದಿನ ಸಾಲಾಗಿ ‘ನನ್ನ ತಪ್ಪು ಇಲ್ಲ’ ಎಂದು ಬರೆದರು. ನಾಲ್ಕನೇ ದಿನ ಕೆಳಗೆ ದೊಡ್ಡಮ್ಮನ ಅಕ್ಷರ: ‘ಮೇಲಿನದ್ದು ಸುಳ್ಳು. ನೀರಿನ ಟ್ಯಾಂಕ್ ತುಂಬಿ ಹರಿದದ್ದು ಯಾರಿಂದ?’

ಫರಂಗಿಪೇಟೆಯ ಮದುವೆಯ ಕಥೆ ಕೇಳಿ. ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ಬೆಳ್ತಂಗಡಿಯ ಮಾವನ ಎಲೆಯಿಂದ ಪಾಯಸದ ಲೋಟ ಎತ್ತಿಕೊಂಡು, ‘ಸಕ್ಕರೆ ಕಾಯಿಲೆಯವರಿಗೆ ಬೇಡ’ ಎಂದು ಹೊರಟೇ ಹೋದರು. ಆಮೇಲೆ ತಿಳಿಯಿತು, ಕಾಯಿಲೆ ಇದ್ದದ್ದು ಮಾವನಿಗಲ್ಲ, ಅವರ ತಮ್ಮನಿಗೆ. ಬೇರೆಯವರಾದರೆ ಕಿವಿಯಲ್ಲಿ ಹೇಳಿ ಮುಗಿಸುತ್ತಿದ್ದರು. ದೊಡ್ಡಮ್ಮ ಮೈಕ್ ಹಿಡಿದರು! ‘ಅಣ್ಣನ ಪಾಯಸ ತೆಗೆದದ್ದು ನನ್ನ ತಪ್ಪು. ಸಕ್ಕರೆ ಕಾಯಿಲೆ ಇರುವುದು ತಮ್ಮನಿಗೆ.’ ಐದನೇ ಲೋಟ ಬಾಯಿಗಿಟ್ಟಿದ್ದ ತಮ್ಮನನ್ನು ಹೆಂಡತಿ ನೋಡಿದ ನೋಟ ನೋಡಬೇಕಿತ್ತು! ಐದು ಎನ್ನುವುದು ನನ್ನ ನೆನಪು. ಅಂದೇ ಬರೆದ ನನ್ನ ಡೈರಿಯಲ್ಲಿ ಎರಡು ಎಂದಿದೆ. ನೆನಪಿಗೆ ಪಾಯಸ ಹೆಚ್ಚು ಬಡಿಸುವ ಚಾಳಿ ಉಂಟು.

ಆ ಚಾಳಿ ಎಷ್ಟು ಅಪಾಯದ್ದೆಂದು ಈ ವರ್ಷ ಗೊತ್ತಾಯಿತು. ಉಜಿರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನನ್ನು ಪರೀಕ್ಷಾ ವಿಭಾಗದ ಮುಖ್ಯಸ್ಥೆ ಮಾಡಿದರು. ಒಂದು ಇಡೀ ತರಗತಿಯ ಅಂಕಗಳು ತಪ್ಪಾಗಿ ಹೋದವು. ಪ್ರಿನ್ಸಿಪಾಲರು ಎಲ್ಲರೆದುರು ಬೈದದ್ದು ಅಂಕಪಟ್ಟಿ ಟೈಪ್ ಮಾಡಿದ ಹಸೀನಾಳನ್ನು. ನಾನು ಪೆನ್ನಿನ ಮುಚ್ಚಳ ನೋಡುತ್ತಾ ಕುಳಿತೆ. ಜೀವಮಾನದಲ್ಲಿ ಯಾವ ಮುಚ್ಚಳವನ್ನೂ ಅಷ್ಟು ಗಮನದಿಂದ ನೋಡಿದ್ದಿಲ್ಲ! ಸರಿಯಾದ ಪಟ್ಟಿಯನ್ನೇ ಅವಳಿಗೆ ಕೊಟ್ಟಿದ್ದೆ ಎಂದು ನನ್ನ ನೆನಪು ಆಣೆ ಹಾಕುತ್ತಿತ್ತು. ಸಂಜೆ ನೋಡಿದರೆ ಸರಿಯಾದ ಪಟ್ಟಿ ನನ್ನ ಚೀಲದೊಳಗೇ ಇತ್ತು, ಅವಳಿಗೆ ಕೊಟ್ಟದ್ದು ತಿದ್ದುವ ಮೊದಲಿನದ್ದು. ಹಸೀನಾಳದ್ದು ತಾತ್ಕಾಲಿಕ ಕೆಲಸ. ಅವಳನ್ನು ಮುಂದುವರಿಸಬೇಕೋ ಬೇಡವೋ ಎಂದು ಮರುದಿನವೇ ಮೀಟಿಂಗು.

ಚಹಾ ಕೊಡುತ್ತಾ ದೊಡ್ಡಮ್ಮ ಕೇಳಿದರು, ‘ಎಂತ, ಮೋರೆ ಹೀಗುಂಟು?’

ಎಲ್ಲ ಹೇಳಿದೆ.

‘ಬೇರೆ ಯಾರಿಗಾದ್ರೂ ಗೊತ್ತುಂಟಾ?’

‘ಇಲ್ಲ.’

‘ಹಾಗಾದ್ರೆ ಕಷ್ಟ ಮಾರಾಯ್ತಿ. ಗೊತ್ತಿದ್ದವರು ಇದ್ರೆ ಒಪ್ಪಿಕೊಳ್ಳುವುದು ಸುಲಭ.’

ನನಗೆ ರೇಗಿತು. ‘ನಿಮಗೆಂತ ದೊಡ್ಡಮ್ಮ! ನಿಮ್ಮದೆಲ್ಲ ಉಪ್ಪಿನ ತಪ್ಪು, ಪಾಯಸದ ತಪ್ಪು!’

ಅವರು ಸ್ಲೇಟಿನ ಮೇಲಿನ ಮೂಲೆ ತೋರಿಸಿದರು. ಅಲ್ಲಿ ಬಿಳಿ ಪೇಂಟಿನಲ್ಲಿ ಬರೆದ, ಒರೆಸಿದರೂ ಹೋಗದ ಒಂದು ಸಾಲು ಮೊದಲಿನಿಂದಲೂ ಇದೆ: ‘ಏಳನೇ ಬೆಡ್. ನಿಲ್ಲಲಿಲ್ಲ.’ ಅದೆಂತದೆಂದು ನಾನು ಕೇಳಿದ್ದೇ ಇಲ್ಲ.

‘ಕೆಲಸಕ್ಕೆ ಸೇರಿದ ವರ್ಷ. ನೆರಿಯ ಊರಿನ ಒಬ್ಬರು ಅಜ್ಜಿ. ಉಳಿಯುವ ಜೀವ ಅಲ್ಲ. ಸಿಸ್ಟರೇ, ಸ್ವಲ್ಪ ನಿಲ್ಲಿ ಅಂದ್ರು. ಈಗ ಬಂದೆ ಅಂತ ಹೋದೆ. ಬರುವಾಗ ಮುಗಿದಿತ್ತು.’

‘ನಿಮ್ಮನ್ನು ಯಾರಾದರೂ ಕೇಳಿದರಾ?’

‘ಯಾರೂ ಕೇಳ್ಲಿಲ್ಲ. ಅದಕ್ಕೇ ಬರೆದದ್ದು.’

ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಮೀಟಿಂಗಿನಲ್ಲಿ ಹೇಳು ಎಂದಾಗಲಿ, ಬೇಡ ಎಂದಾಗಲಿ ಅನ್ನಲಿಲ್ಲ. ಹಾಳು ಹೆಂಗಸು! ಇದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ಚೀಲದಲ್ಲಿ ಪಟ್ಟಿ ಇಟ್ಟುಕೊಂಡು ಹೊರಟೆ. ಸಮವಸ್ತ್ರದಲ್ಲೇ ದೊಡ್ಡಮ್ಮ ಬಸ್ ಸ್ಟಾಪಿನವರೆಗೆ ಬಂದು ಪಕ್ಕದಲ್ಲಿ ನಿಂತರು. ಉಜಿರೆಯ ಮೇಲೆ ಹೋಗುವ ಧರ್ಮಸ್ಥಳದ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ.

‘ನೀವು ಹೋಗಿ ದೊಡ್ಡಮ್ಮ, ತಡ ಆಗ್ತದೆ.’

‘ನೀನು ಬಸ್ ನೋಡು.’ ಬಸ್ಸು ಬಂದು ನಾನು ಹತ್ತುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಮೀಟಿಂಗಿನಲ್ಲಿ ಎದ್ದುನಿಂತೆ. ಪಟ್ಟಿಯನ್ನು ಮೇಜಿನ ಮೇಲಿಟ್ಟು, ‘ತಪ್ಪು ನನ್ನದು, ಹಸೀನಾಳದ್ದಲ್ಲ’ ಎಂದೆ. ಗಟ್ಟಿ ಧ್ವನಿಯಲ್ಲಿ ಹೇಳಿದೆ ಎನ್ನುತ್ತದೆ ನೆನಪು. ಯಾರಿಗೂ ಕೇಳಿಸದೆ ಎರಡನೇ ಸಲ ಹೇಳಬೇಕಾಯಿತು ಎನ್ನುತ್ತದೆ ಡೈರಿ. ಈ ಸಲವೂ ಡೈರಿಯನ್ನೇ ನಂಬಿ. ಪ್ರಿನ್ಸಿಪಾಲರು ನನ್ನಿಂದ ಲಿಖಿತ ವಿವರಣೆ ಕೇಳಿದರು. ಹಸೀನಾಳ ಕೆಲಸ ಉಳಿಯಿತು.

ಸಂಜೆ ಮನೆಗೆ ಬಂದು, ನನ್ನ ತಪ್ಪು ಬರೆಯಲೆಂದು ಸೀಮೆಸುಣ್ಣ ಹಿಡಿದೆ. ಸ್ಲೇಟಿನಲ್ಲಿ ಆಗಲೇ ಒಂದು ಸಾಲು ಇತ್ತು:

‘ಇವತ್ತು ಡ್ಯೂಟಿಗೆ ಇಪ್ಪತ್ತು ನಿಮಿಷ ತಡ. ಇನ್ನು ಮುಂದೆಯೂ ಹೀಗೇ ಮಾಡುತ್ತೇನೆ.’